ರೈಡ್ ಕಾರ್ಡ್‌ನಲ್ಲಿ ಆರು ಡಿಸ್ಕ್‌ಗಳ ಅರೇ ಕಟ್ಟುವ ಬಗೆ

ಆರು ಹಾರ್ಡ್ ಡಿಸ್ಕ್, ಒಂದು ರೈಡ್ ಕಾರ್ಡ್, ಮೆನುವಿನಲ್ಲಿ ಹತ್ತು ನಿಮಿಷದ ಕೆಲಸ. ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ಜೋಡಿಸಿ, ಒಂದು ಸತ್ತರೂ ಡೇಟಾ ಉಳಿಯುವಂತೆ ಮಾಡುವ ವ್ಯವಸ್ಥೆ ರೈಡ್, ಹಾಗೆ ಜೋಡಿಸಿದ ಗುಂಪೇ ಅರೇ. ಅದನ್ನು ಕಟ್ಟುವುದಕ್ಕೆ ಇಷ್ಟು ಸಾಕು. ಆದರೆ ಎರಡು ವರ್ಷ ಕಳೆದು ಒಂದು ಡಿಸ್ಕ್ ಸತ್ತ ದಿನ ಆ ಅರೇ ಉಳಿಯುತ್ತದೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ಮೊದಲ ದಿನವೇ ತೀರ್ಮಾನವಾಗಿರುತ್ತದೆ. ಎಂಥ ಡಿಸ್ಕ್ ಕೊಂಡಿರಿ, ಕಾರ್ಡ್‌ಗೆ ಗಾಳಿ ಆಡುತ್ತದೆಯೇ, ಯಾವ ಕೇಬಲ್ ಯಾವ ಡಿಸ್ಕ್‌ಗೆ ಹೋಗಿದೆ ಎಂದು ಬರೆದಿಟ್ಟಿದ್ದೀರಾ, ಡೇಟಾ ತುಂಬುವ ಮುಂಚೆ ಬೇಕೆಂದೇ ಒಂದು ಡಿಸ್ಕ್ ಕಿತ್ತು ನೋಡಿದ್ದೀರಾ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಇಲ್ಲಿ ಉದಾಹರಣೆಗೆ ಮೆಗಾರೈಡ್ 9361-8ಐ ಕಾರ್ಡನ್ನು ತೆಗೆದುಕೊಂಡಿದ್ದೇವೆ. ಎಲ್‌ಎಸ್‌ಐ ಹೆಸರಿನಲ್ಲಿ ಬಂದು, ಆಮೇಲೆ ಅವಾಗೋ, ಈಗ ಬ್ರಾಡ್‌ಕಾಮ್ ಹೆಸರಿನಲ್ಲಿರುವ ಕಾರ್ಡ್ ಇದು. ಡೆಲ್ ಸರ್ವರ್‌ಗಳ ಪರ್ಕ್ ಎಚ್730 ಒಳಗಿರುವುದೂ ಇದೇ ಎಸ್‌ಎಎಸ್3108 ಚಿಪ್. ಹಾಗಾಗಿ ಮೆನುವಿನ ಹೆಸರುಗಳು ಸ್ವಲ್ಪ ಬೇರೆಯಿದ್ದರೂ ಕೆಳಗೆ ಹೇಳುವ ಹೆಚ್ಚಿನ ಮಾತು ಎರಡಕ್ಕೂ ಸಲ್ಲುತ್ತದೆ. ಡಿಸ್ಕ್‌ಗಳು 4 ಟಿಬಿಯ ಆರು ಸಾಟಾ ಡ್ರೈವ್‌ಗಳು.

ಯಾವ ರೈಡ್ ಹಾಕಬೇಕು

ಈ ಆರು ಡಿಸ್ಕ್‌ಗಳಿಗೆ ರೈಡ್ 6 ಹಾಕಿ. ರೈಡ್ 5 ಒಂದು ಡಿಸ್ಕ್ ಸತ್ತರೆ ತಡೆಯುತ್ತದೆ, ರೈಡ್ 6 ಎರಡು ಸತ್ತರೂ ತಡೆಯುತ್ತದೆ, ರೈಡ್ 10 ಪ್ರತಿ ಡಿಸ್ಕ್‌ಗೂ ಒಂದು ನಕಲು ಇಡುತ್ತದೆ. ರೈಡ್ 5ರಲ್ಲಿ 20 ಟಿಬಿ ಸಿಗುತ್ತದೆ, ರೈಡ್ 6ರಲ್ಲಿ 16, ರೈಡ್ 10ರಲ್ಲಿ 12. ಹೆಚ್ಚುವರಿ 4 ಟಿಬಿಯ ಆಸೆಗೆ ರೈಡ್ 5ಕ್ಕೆ ಹೋಗುವವರೇ ಜಾಸ್ತಿ, ಪೆಟ್ಟು ತಿನ್ನುವವರೂ ಅವರೇ. ಒಂದು ಡಿಸ್ಕ್ ಸತ್ತ ಮೇಲೆ ಹೊಸದನ್ನು ತುಂಬಿಸಲು ಉಳಿದ ಐದೂ ಡಿಸ್ಕ್‌ಗಳನ್ನು ತುದಿಯಿಂದ ತುದಿಗೆ ಓದಬೇಕು, ಅಂದರೆ 20 ಟಿಬಿ ಓದು. ಡೆಸ್ಕ್‌ಟಾಪ್ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ 10ರ 14ನೇ ಘಾತದಷ್ಟು ಬಿಟ್ ಓದಿದಾಗ ಒಂದು ಓದಲಾಗದ ಸೆಕ್ಟರ್ (ಡಿಸ್ಕ್ ಮೇಲಿನ ಚಿಕ್ಕ ತುಣುಕು) ಬರಬಹುದು ಎಂಬ ಮಿತಿ ಇರುತ್ತದೆ. ಲೆಕ್ಕ ಹಾಕಿದರೆ ಅದು 12.5 ಟಿಬಿ. ನಿಜಕ್ಕೂ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತವೆ, ಆದರೆ ವರ್ಷಗಟ್ಟಲೆ ಯಾರೂ ಓದದ ಮೂಲೆಯಲ್ಲಿ ಕೆಟ್ಟ ಸೆಕ್ಟರ್ ಅವಿತಿದ್ದರೆ ಅದು ಹೊರಬೀಳುವುದು ಇದೇ ಹೊತ್ತಿಗೆ. ರೈಡ್ 5ರಲ್ಲಿ ಆಗ ಅದನ್ನು ಸರಿಪಡಿಸಲು ಬೇರೆ ಆಧಾರವೇ ಉಳಿದಿರುವುದಿಲ್ಲ. ರೈಡ್ 6ರಲ್ಲಿ ಎರಡನೆಯ ಪ್ಯಾರಿಟಿ (ಕಳೆದದ್ದನ್ನು ಮತ್ತೆ ಕಂಡುಹಿಡಿಯಲು ಇಟ್ಟ ಹೆಚ್ಚುವರಿ ಮಾಹಿತಿ) ಆ ಸೆಕ್ಟರನ್ನು ಲೆಕ್ಕ ಹಾಕಿ ಕೊಡುತ್ತದೆ.

ಡೇಟಾಬೇಸ್ ಅಥವಾ ವರ್ಚುವಲ್ ಮೆಷಿನ್‌ಗಳನ್ನು ಇಡುವುದಾದರೆ ಮಾತ್ರ ರೈಡ್ 10 ಯೋಚಿಸಿ. ಒಂದು ಚಿಕ್ಕ ಬರಹಕ್ಕೆ ರೈಡ್ 6 ಡಿಸ್ಕ್‌ಗಳ ಮೇಲೆ ಆರು ಸಲ ಓಡಾಡುತ್ತದೆ, ಮೂರು ಓದು, ಮೂರು ಬರಹ. ರೈಡ್ 5 ನಾಲ್ಕು ಸಲ, ರೈಡ್ 10 ಎರಡೇ ಸಲ. ವಿಡಿಯೊ, ಫೋಟೊ, ಆಫೀಸಿನ ಕಡತಗಳಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಡಿಸ್ಕ್ ಕೊಳ್ಳುವಾಗ

ಅಗ್ಗದ ಡೆಸ್ಕ್‌ಟಾಪ್ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಸಿಕ್ಕಿದರೆ ನಿಮಿಷಕ್ಕೂ ಹೆಚ್ಚು ಹೊತ್ತು ಅದನ್ನೇ ಓದಲು ಹೆಣಗಾಡಬಹುದು. ರೈಡ್ ಕಾರ್ಡ್‌ಗೆ ಅಷ್ಟು ತಾಳ್ಮೆ ಇಲ್ಲ. ಉತ್ತರ ಬಾರದ ಡಿಸ್ಕ್ ಸತ್ತಿದೆ ಎಂದು ಅದನ್ನು ಅರೇಯಿಂದ ಹೊರಹಾಕುತ್ತದೆ. ‘ಡಿಸ್ಕ್ ಚೆನ್ನಾಗಿಯೇ ಇದೆ, ಬೇರೆ ಕಂಪ್ಯೂಟರ್‌ನಲ್ಲಿ ಓಡುತ್ತದೆ, ಆದರೂ ಅರೇಯಿಂದ ಬೀಳುತ್ತದೆ’ ಎನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ನ್ಯಾಸ್‌ಗೆ (ನೆಟ್‌ವರ್ಕ್‌ನಲ್ಲಿ ಕಡತ ಹಂಚುವ ಪೆಟ್ಟಿಗೆ), ಸರ್ವರ್‌ಗೆ ಎಂದು ಮಾಡಿದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಪ್ರಯತ್ನ ಬಿಟ್ಟು ದೋಷ ವರದಿ ಮಾಡುತ್ತವೆ. ಆ ಸೆಕ್ಟರನ್ನು ಕಾರ್ಡ್ ಪ್ಯಾರಿಟಿಯಿಂದ ತುಂಬಿಕೊಳ್ಳುತ್ತದೆ.

ಇನ್ನೊಂದು, ಎಸ್‌ಎಂಆರ್ ಡಿಸ್ಕ್ ಬೇಡವೇ ಬೇಡ. ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಟ್ರ್ಯಾಕ್‌ಗಳಲ್ಲಿ ಬರೆಯುವ ಈ ಡಿಸ್ಕ್‌ಗಳು ಎಡೆಬಿಡದೆ ಬರೆಯಬೇಕಾದ ರೀಬಿಲ್ಡ್ ಸಮಯದಲ್ಲಿ, ಅಂದರೆ ಸತ್ತ ಡಿಸ್ಕ್‌ನ ಬದಲು ಹೊಸದನ್ನು ತುಂಬಿಸುವಾಗ, ತೀರಾ ನಿಧಾನವಾಗುತ್ತವೆ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ, ಆಮೇಲೆ ಕಂಪನಿ ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಹೊದಿಸಿರದ) ಮಾದರಿಗಳನ್ನು ರೆಡ್ ಪ್ಲಸ್ ಎಂದು ಬೇರ್ಪಡಿಸಿತು. ಯಾವುದೇ ಕಂಪನಿಯದಿರಲಿ, ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಮಾದರಿ ಸಂಖ್ಯೆ ಹಿಡಿದು ವಿವರಪಟ್ಟಿಯಲ್ಲಿ ಸಿಎಂಆರ್ ಎಂದಿದೆಯೇ ನೋಡಿ.

ಆರರ ಬದಲು ಏಳು ಕೊಳ್ಳಿ. ಏಳನೆಯದು ಕಪಾಟಿನಲ್ಲಿರಲಿ. ಡಿಸ್ಕ್ ಸತ್ತ ದಿನ ಅದೇ ಗಾತ್ರದ್ದು ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ. ಹೊಸ ಡಿಸ್ಕ್ ಕೆಲವೇ ಸೆಕ್ಟರ್‌ಗಳಷ್ಟು ಚಿಕ್ಕದಾದರೂ ಕಾರ್ಡ್ ಅದನ್ನು ಒಪ್ಪದಿರಬಹುದು.

ಕಾರ್ಡ್, ಗಾಳಿ, ಕೇಬಲ್

ಕಾರ್ಡ್‌ಗೆ ಪಿಸಿಐ ಎಕ್ಸ್‌ಪ್ರೆಸ್ 3.0, ಎಂಟು ಲೇನ್ (ಡೇಟಾ ಹಾದಿ) ಬೇಕು. ಮದರ್‌ಬೋರ್ಡ್‌ನ ಎರಡನೆಯ ಉದ್ದ ಸ್ಲಾಟ್ ನೋಡಲು ಹದಿನಾರರಂತೆ ಕಂಡರೂ ಒಳಗೆ ನಾಲ್ಕೇ ಲೇನ್ ಇರುವುದು ಸಾಮಾನ್ಯ. ಕೈಪಿಡಿ ನೋಡಿಯೇ ಸ್ಲಾಟ್ ಆರಿಸಿ.

ಗಾಳಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾರ್ಡ್ ಹುಟ್ಟಿದ್ದು ಫ್ಯಾನ್‌ಗಳು ಭೋರಿಡುವ ಸರ್ವರ್ ಪೆಟ್ಟಿಗೆಗಾಗಿ. ಹೀಟ್‌ಸಿಂಕ್ ಮೇಲೆ ನಿಮಿಷಕ್ಕೆ 200 ಅಡಿ ವೇಗದ ಗಾಳಿ ಹಾಯುತ್ತದೆ ಎಂಬ ಲೆಕ್ಕದಲ್ಲಿ ಮಾಡಿದ್ದು. ಸದ್ದಿಲ್ಲದ ಟವರ್ ಕ್ಯಾಬಿನೆಟ್‌ನಲ್ಲಿ ಹಾಗೇ ಕೂರಿಸಿದರೆ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ. ಆಮೇಲೆ ಕಾರಣವಿಲ್ಲದೆ ರೀಸೆಟ್ ಆಗುವುದು, ಡಿಸ್ಕ್‌ಗಳು ಬಂದು ಹೋಗುವುದು ಶುರು. ಹೀಟ್‌ಸಿಂಕ್‌ಗೆ ನೇರ ಬೀಸುವಂತೆ 40 ಅಥವಾ 80 ಮಿಲಿಮೀಟರ್ ಫ್ಯಾನ್ ಒಂದನ್ನು ಕಟ್ಟಿ. ಹಳೆಯ ಸರ್ವರ್‌ನಿಂದ ಬಿಚ್ಚಿದ ಕಾರ್ಡ್ ಕೊಂಡಿದ್ದರೆ ಒಣಗಿದ ಥರ್ಮಲ್ ಪೇಸ್ಟ್ ಕೂಡ ಬದಲಿಸಿ.

ಕಾರ್ಡ್ ಮೇಲೆ ಎಸ್‌ಎಫ್‌ಎಫ್-8643 ಎಂಬ ಎರಡು ಕನೆಕ್ಟರ್‌ಗಳಿವೆ. ಒಂದರಿಂದ ನಾಲ್ಕು ಸಾಟಾ ಬಾಲಗಳಿರುವ ಕೇಬಲ್ ಹೊರಡುತ್ತದೆ. ಕೊಳ್ಳುವಾಗ ‘ಫಾರ್ವರ್ಡ್ ಬ್ರೇಕ್‌ಔಟ್’ ಎಂದೇ ಕೇಳಿ. ‘ರಿವರ್ಸ್’ ಕೇಬಲ್ ಕಣ್ಣಿಗೆ ಒಂದೇ ಥರ ಕಂಡರೂ ಅದರ ಒಳಗಿನ ತಂತಿ ಜೋಡಣೆ ಬೇರೆ. ಹಾಕಿದರೆ ಒಂದು ಡಿಸ್ಕೂ ಕಾಣುವುದಿಲ್ಲ, ತಪ್ಪು ಕಾರ್ಡಿನದು ಎಂದು ದಿನಗಟ್ಟಲೆ ಹುಡುಕುತ್ತೀರಿ.

ಕರೆಂಟಿನ ಕಡೆ ಬನ್ನಿ. 3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವ ಗಳಿಗೆಯಲ್ಲಿ 12 ವೋಲ್ಟ್ ಸಾಲಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಆರೂ ಒಟ್ಟಿಗೆ ಎದ್ದರೆ 12 ಆಂಪಿಯರ್, 144 ವ್ಯಾಟ್. ಎಲ್ಲವನ್ನೂ ಪವರ್ ಸಪ್ಲೈನ ಒಂದೇ ತಂತಿಗೆ ನೇತುಹಾಕದೆ ಎರಡು ಸಾಲಿಗೆ ಹಂಚಿ. ಮೊಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ಎರಕದ ಪ್ಲಾಸ್ಟಿಕ್ ಅಡಾಪ್ಟರ್‌ಗಳನ್ನು ಬಳಸಬೇಡಿ. ಒಳಗೆ ತಂತಿಗಳು ಸರಿದು ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ ಪ್ರಸಂಗಗಳಿವೆ. ಹೊಸ ಡಿಸ್ಕ್ ತಿರುಗಲೇ ಇಲ್ಲವೆಂದರೆ ಪವರ್ ಕನೆಕ್ಟರ್‌ನ ಮೂರನೆಯ ಪಿನ್ ನೋಡಿ. ಸಾಟಾ 3.3 ನಿಯಮದ ಕೆಲವು ಡಿಸ್ಕ್‌ಗಳು ಆ ಪಿನ್‌ಗೆ 3.3 ವೋಲ್ಟ್ ಬಂದರೆ ಮಲಗಿಯೇ ಇರುತ್ತವೆ. ಆ ಪಿನ್‌ಗೆ ಕ್ಯಾಪ್ಟಾನ್ ಟೇಪ್ ಅಂಟಿಸಿದರೆ ಏಳುತ್ತವೆ.

ಈಗ ಬಹುತೇಕರು ಬಿಟ್ಟುಬಿಡುವ ಕೆಲಸ. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು, ಕ್ಯಾಬಿನೆಟ್ ತೆರೆದೊಡನೆ ಕಾಣುವ ಅಂಚಿಗೆ ಅಂಟಿಸಿ. ಕೇಬಲ್ ಬಾಲಗಳಿಗೂ 0ಯಿಂದ 5ರವರೆಗೆ ಗುರುತು ಹಾಕಿ.

ಮೆನುವಿನಲ್ಲಿ

ಯುಇಎಫ್‌ಐ (ಹೊಸ ಬಗೆಯ ಬಯಾಸ್) ಇರುವ ಕಂಪ್ಯೂಟರ್‌ನಲ್ಲಿ ಬಯಾಸ್ ಸೆಟಪ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ಕಾರ್ಡ್‌ನ ಹೆಸರು ಕಾಣುತ್ತದೆ. ಕಾಣದಿದ್ದರೆ ಸಿಎಸ್‌ಎಂ (ಹಳೆಯ ಬಯಾಸ್‌ನೊಂದಿಗಿನ ಹೊಂದಾಣಿಕೆ) ಎಂಬಲ್ಲಿ ಸ್ಟೋರೇಜ್ ಆಪ್ಷನ್ ರಾಮ್ ಅನ್ನು ಲೆಗಸಿಯಿಂದ ಯುಇಎಫ್‌ಐಗೆ ಬದಲಿಸಿ. ಹಳೆಯ ಬಯಾಸ್‌ನಲ್ಲಾದರೆ ಕಂಪ್ಯೂಟರ್ ಏಳುವಾಗ ಕಂಟ್ರೋಲ್ ಹಿಡಿದು ಆರ್ ಒತ್ತಿ.

ಮೊದಲು ಡ್ರೈವ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆರೂ ಡಿಸ್ಕ್‌ಗಳು ‘ಅನ್‌ಕಾನ್ಫಿಗರ್ಡ್ ಗುಡ್’ ಸ್ಥಿತಿಯಲ್ಲಿವೆಯೇ ನೋಡಿ. ‘ಜೆಬಾಡ್’ (ರೈಡ್ ಇಲ್ಲದ ಬಿಡಿ ಡಿಸ್ಕ್) ಎಂದಿದ್ದರೆ ಒಂದೊಂದನ್ನೇ ತೆರೆದು ಬದಲಿಸಿ, ಇಲ್ಲದಿದ್ದರೆ ಅರೇ ಕಟ್ಟುವ ಪಟ್ಟಿಯಲ್ಲಿ ಅವು ಬರುವುದಿಲ್ಲ. ನಂತರ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್, ಅಲ್ಲಿ ಕ್ರಿಯೇಟ್ ವರ್ಚುವಲ್ ಡ್ರೈವ್. ರೈಡ್ 6 ಆರಿಸಿ, ಸೆಲೆಕ್ಟ್ ಡ್ರೈವ್ಸ್‌ನಲ್ಲಿ ಆರನ್ನೂ ಗುರುತಿಸಿ, ಅಪ್ಲೈ ಚೇಂಜಸ್ ಒತ್ತಿ. ಸ್ಟ್ರಿಪ್ ಸೈಜ್ 256 ಕೆಬಿಯೇ ಇರಲಿ. ರೀಡ್ ಪಾಲಿಸಿ ‘ರೀಡ್ ಅಹೆಡ್’, ಐಒ ಪಾಲಿಸಿ ‘ಡೈರೆಕ್ಟ್’. ಡ್ರೈವ್ ಕ್ಯಾಶ್ ‘ಡಿಸೇಬಲ್’.

ರೈಟ್ ಪಾಲಿಸಿಯ ಹತ್ತಿರ ನಿಲ್ಲಿ. ಇಲ್ಲಿ ಮೂರು ಆಯ್ಕೆಗಳಿವೆ. ‘ರೈಟ್ ಥ್ರೂ’ ಎಂದರೆ ಡಿಸ್ಕ್ ಮೇಲೆ ಬಿದ್ದ ಮೇಲೆಯೇ ಬರೆದಾಯಿತು ಎಂದು ಕಾರ್ಡ್ ಹೇಳುತ್ತದೆ. ಸುರಕ್ಷಿತ, ಆದರೆ ರೈಡ್ 6ರಲ್ಲಿ ಬಹಳ ನಿಧಾನ. ‘ರೈಟ್ ಬ್ಯಾಕ್’ ಎಂದರೆ ಕಾರ್ಡ್ ಮೇಲಿನ 1 ಜಿಬಿ ಮೆಮೊರಿಗೆ ಬಿದ್ದೊಡನೆ ಬರೆದಾಯಿತು ಎನ್ನುತ್ತದೆ, ಡಿಸ್ಕ್‌ಗೆ ಆಮೇಲೆ ಇಳಿಸುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಆ ಡೇಟಾ ಉಳಿಯಲು ಬ್ಯಾಟರಿ ಬೇಕು, ಅಥವಾ ಈ ಕಾರ್ಡ್‌ಗೆ ಬೇರೆಯಾಗಿ ಸಿಗುವ ಕ್ಯಾಶ್‌ವಾಲ್ಟ್ ಬೇಕು. ಕ್ಯಾಶ್‌ವಾಲ್ಟ್‌ನ ದೊಡ್ಡ ಕೆಪಾಸಿಟರ್ ಕರೆಂಟ್ ಹೋದ ಮೇಲೂ ಕೆಲ ಸೆಕೆಂಡ್ ಕಾರ್ಡನ್ನು ಎಚ್ಚರವಾಗಿಟ್ಟು, ಮೆಮೊರಿಯಲ್ಲಿದ್ದುದನ್ನು ಫ್ಲಾಶ್‌ಗೆ ಇಳಿಸುತ್ತದೆ. ಅದಿಲ್ಲದಿದ್ದರೆ ‘ರೈಟ್ ಬ್ಯಾಕ್’ ಆರಿಸಿದರೂ ಕಾರ್ಡ್ ತಾನಾಗಿಯೇ ರೈಟ್ ಥ್ರೂಗೆ ಇಳಿಯುತ್ತದೆ. ವೇಗ ಬರಲಿಲ್ಲವೆಂದು ಕೆಲವರು ಮೂರನೆಯದಾದ ‘ಆಲ್ವೇಸ್ ರೈಟ್ ಬ್ಯಾಕ್’ ಒತ್ತಿಬಿಡುತ್ತಾರೆ. ಕ್ಯಾಶ್‌ವಾಲ್ಟ್ ಇಲ್ಲದೆ ಅದನ್ನು ಒತ್ತಬೇಡಿ. ಯುಪಿಎಸ್ ಇದೆಯಲ್ಲ ಎನ್ನಬೇಡಿ. ಪವರ್ ಸಪ್ಲೈ ಸುಟ್ಟರೆ, ಯಾರಾದರೂ ಪ್ಲಗ್ ಎಡವಿದರೆ ಯುಪಿಎಸ್ ಏನೂ ಮಾಡಲಾರದು. ಕಾರ್ಡ್ ‘ಬರೆದೆ’ ಎಂದು ಹೇಳಿ ಬರೆಯದೆ ಹೋದ ಒಂದೇ ಒಂದು ಕ್ಷಣಕ್ಕೆ ಇಡೀ ಫೈಲ್ ಸಿಸ್ಟಂ ಹಾಳಾಗಬಹುದು.

ಡಿಫಾಲ್ಟ್ ಇನಿಷಿಯಲೈಸೇಶನ್ ಎಂಬಲ್ಲಿ ‘ಫುಲ್’ ಆರಿಸಿ. ‘ಫಾಸ್ಟ್’ ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಡಿಸ್ಕ್‌ನ ಪ್ರತಿ ಸೆಕ್ಟರ್ ಮುಟ್ಟುವುದಿಲ್ಲ. ಫುಲ್‌ಗೆ ಅರ್ಧ ದಿನ ಹಿಡಿದರೂ ದೋಷವಿರುವ ಹೊಸ ಡಿಸ್ಕ್ ಆಗಲೇ ಸಿಕ್ಕಿಬೀಳುತ್ತದೆ. ಸೇವ್ ಕಾನ್ಫಿಗರೇಶನ್, ಕನ್ಫರ್ಮ್, ಯೆಸ್.

ಆಪರೇಟಿಂಗ್ ಸಿಸ್ಟಂಗೆ ಈಗ ಒಂದೇ ದೊಡ್ಡ ಡಿಸ್ಕ್ ಕಾಣುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ಇದರ ಡ್ರೈವರ್ ಮೊದಲೇ ಇದೆ. ವಿಂಡೋಸ್ ಸೆಟಪ್‌ನಲ್ಲಿ ಡಿಸ್ಕ್ ಕಾಣದಿದ್ದರೆ ಡ್ರೈವರನ್ನು ಪೆನ್‌ಡ್ರೈವ್‌ನಿಂದ ‘ಲೋಡ್ ಡ್ರೈವರ್’ ಮೂಲಕ ಕೊಡಿ. ಪಾರ್ಟಿಶನ್ ಜಿಪಿಟಿ ಇರಲಿ, ಎಂಬಿಆರ್ ಆದರೆ 2 ಟಿಬಿಯ ಆಚೆಗಿನ ಜಾಗ ಬಳಕೆಗೆ ಬಾರದು. ವಿಂಡೋಸ್ 16ರ ಬದಲು 14.5 ಟಿಬಿ ತೋರಿಸಿದರೆ ಗಾಬರಿ ಬೇಡ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಡೇಟಾ ತುಂಬುವ ಮುಂಚೆ ಒಂದು ತಾಲೀಮು

ಪರೀಕ್ಷೆಗೆಂದು ಒಂದಷ್ಟು ದೊಡ್ಡ ಕಡತಗಳನ್ನು ಹಾಕಿ, ಅವುಗಳ ಚೆಕ್‌ಸಮ್ (ಕಡತ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ಆಫ್ ಮಾಡಿ, 3ನೇ ಗುರುತಿನ ಡಿಸ್ಕ್‌ನ ಕೇಬಲ್ ಕಿತ್ತು ಆನ್ ಮಾಡಿ. ಅಲಾರಂ ಕೂಗಬೇಕು, ಅರೇ ‘ಪಾರ್ಷಿಯಲಿ ಡಿಗ್ರೇಡೆಡ್’ ಎನ್ನಬೇಕು, ಕಡತಗಳು ತೆರೆಯಬೇಕು. ಮೆನು ಹೇಳುವ ಸ್ಲಾಟ್ ಸಂಖ್ಯೆಗೂ ನೀವು ಕಿತ್ತ ಡಿಸ್ಕ್‌ಗೂ ತಾಳೆಯಾಗುತ್ತದೆಯೇ ನೋಡಿ. ಆಗದಿದ್ದರೆ ಕೇಬಲ್ ಗುರುತು ಈಗಲೇ ತಿದ್ದಿ. ಸತ್ತ ಡಿಸ್ಕ್ ಬಿಟ್ಟು ಬದುಕಿದ್ದನ್ನು ಕಿತ್ತು ಅರೇ ಕಳೆದುಕೊಳ್ಳುವುದು ಈ ಕೆಲಸದಲ್ಲಿ ಬಲು ಸಾಮಾನ್ಯವಾದ ದುರಂತ.

ಈಗ ಮತ್ತೆ ಆಫ್ ಮಾಡಿ ಅದೇ ಡಿಸ್ಕನ್ನು ಜೋಡಿಸಿ. ಕಾರ್ಡ್ ಅದನ್ನು ‘ಫಾರಿನ್’ ಎಂದು ಗುರುತಿಸಿ, ‘ಇಂಪೋರ್ಟ್’ ಮಾಡಲೋ ‘ಕ್ಲಿಯರ್’ ಮಾಡಲೋ ಎಂದು ಕೇಳಬಹುದು. ಇವೆರಡರ ನಡುವಿನ ವ್ಯತ್ಯಾಸ ಬಾಯಿಪಾಠ ಆಗಿರಲಿ. ಅರೇ ಓಡುತ್ತಿದ್ದು ಒಂದೇ ಡಿಸ್ಕ್ ಫಾರಿನ್ ಎಂದಿದ್ದರೆ ಆ ಡಿಸ್ಕ್‌ನಲ್ಲಿರುವುದು ಹಳಸಿದ ಡೇಟಾ. ಅದಕ್ಕೆ ಕ್ಲಿಯರ್. ಕಾರ್ಡೇ ಸುಟ್ಟು ಹೊಸ ಕಾರ್ಡ್ ಹಾಕಿದಾಗ ಆರೂ ಫಾರಿನ್ ಎನ್ನುತ್ತವೆ. ಅರೇಯ ನಕ್ಷೆ ಡಿಸ್ಕ್‌ಗಳ ಮೇಲೇ ಬರೆದಿರುವುದರಿಂದ ಆಗ ಇಂಪೋರ್ಟ್. ಅಲ್ಲಿ ಕ್ಲಿಯರ್ ಒತ್ತಿದರೆ ಆ ನಕ್ಷೆ ಅಳಿದುಹೋಗುತ್ತದೆ.

ಕ್ಲಿಯರ್ ಆದ ಡಿಸ್ಕನ್ನು ಹಾಟ್ ಸ್ಪೇರ್ (ಸತ್ತದ್ದರ ಜಾಗಕ್ಕೆ ಸಿದ್ಧವಿರುವ ಡಿಸ್ಕ್) ಎಂದು ಗುರುತಿಸಿದರೆ ರೀಬಿಲ್ಡ್ ಶುರುವಾಗುತ್ತದೆ. ಸೆಕೆಂಡಿಗೆ ಸರಾಸರಿ 150 ಎಂಬಿ ಬರೆದರೂ 4 ಟಿಬಿ ತುಂಬಲು ಏಳೂವರೆ ಗಂಟೆ ಬೇಕು. ರೀಬಿಲ್ಡ್ ರೇಟ್ (ಈ ಕೆಲಸಕ್ಕೆ ಕಾರ್ಡ್ ಕೊಡುವ ಪಾಲು) ಮೊದಲಿಗೆ ಶೇಕಡ 30ಕ್ಕೆ ಇರುತ್ತದೆ, ಜನ ಬಳಸುತ್ತಿದ್ದರೆ ರೀಬಿಲ್ಡ್ ಒಂದು ದಿನವನ್ನೂ ಮೀರಬಹುದು. ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಮುಗಿದ ಮೇಲೆ ಚೆಕ್‌ಸಮ್ ಹೋಲಿಸಿ.

ಆಮೇಲಿನ ದಿನಗಳಿಗೆ ಮೂರು ವ್ಯವಸ್ಥೆ ಸಾಕು. ಕೆಟ್ಟ ಸೆಕ್ಟರ್ ಹುಡುಕಲು ವಾರಕ್ಕೊಮ್ಮೆ ತಾನೇ ಓಡುವ ಪ್ಯಾಟ್ರೋಲ್ ರೀಡ್ ಅನ್ನು ಆಫ್ ಮಾಡಬೇಡಿ, ಡೇಟಾಕ್ಕೂ ಪ್ಯಾರಿಟಿಗೂ ತಾಳೆ ನೋಡುವ ಕನ್ಸಿಸ್ಟೆನ್ಸಿ ಚೆಕ್ ಅನ್ನು ತಿಂಗಳಿಗೊಮ್ಮೆ ಓಡಿಸಿ, ದೋಷ ಬಂದರೆ ಇಮೇಲ್ ಬರುವಂತೆ ಕಾರ್ಡ್‌ನ ತಂತ್ರಾಂಶದಲ್ಲಿ ಹೊಂದಿಸಿ. ಬೀಗ ಹಾಕಿದ ಕೋಣೆಯಲ್ಲಿ ಅಲಾರಂ ಎಷ್ಟು ಕೂಗಿದರೂ ಕೇಳುವವರಿಲ್ಲ. ಬ್ಯಾಕಪ್ ಬೇರೆಯೇ ಇರಬೇಕು. ಅಳಿಸಿದ ಕಡತವನ್ನು ರೈಡ್ ಆರೂ ಡಿಸ್ಕ್‌ಗಳಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ಒಂದು ಬೆಳಿಗ್ಗೆ ನಾಲ್ಕು ಡಿಸ್ಕ್ ಒಟ್ಟಿಗೆ ಮಾಯವಾದರೆ ಡಿಸ್ಕ್‌ಗಳನ್ನು ಅನುಮಾನಿಸಬೇಡಿ. ನಾಲ್ಕಕ್ಕೂ ಹೋಗುವ ಕೇಬಲ್ ಒಂದೇ, ಪವರ್ ಸಾಲೂ ಒಂದೇ ಇರಬಹುದು. ಕಂಪ್ಯೂಟರ್ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಒತ್ತಿ, ಆನ್ ಮಾಡಿ ಮೆನು ನೋಡಿ. ಅಲ್ಲಿಯವರೆಗೆ ಹೊಸ ಅರೇ ಕಟ್ಟುವ ಯಾವ ಗುಂಡಿಯನ್ನೂ ಮುಟ್ಟಬೇಡಿ.