ಬ್ಯಾಕ್‌ಹೋ ಟ್ರ್ಯಾಕ್ಟರಿಗೆ ಇನ್ನೊಂದು ವಾಲ್ವ್ ಜೋಡಿಸುವ ಬಗೆ

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ಬಸಿಗಾಲುವೆ ತೆಗೆಯಲೆಂದು ಬ್ಯಾಕ್‌ಹೋ (ಟ್ರ್ಯಾಕ್ಟರಿನ ಹಿಂಬದಿಗೆ ಜೋಡಿಸುವ ಅಗೆಯುವ ಯಂತ್ರ) ಕೊಂಡವರಿಗೆ, ಮಳೆಗಾಲದಲ್ಲಿ ಉರುಳಿದ ಮರದ ದಿಮ್ಮಿಯನ್ನು ಬಕೆಟ್ಟಿಗೆ ಒತ್ತಿ ಹಿಡಿದೆತ್ತುವ ‘ಥಂಬ್’ ಇದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಅದರ ಸಿಲಿಂಡರಿಗೆ ಇನ್ನೊಂದು ಕಂಟ್ರೋಲ್ ವಾಲ್ವ್, ಅಂದರೆ ಲಿವರ್ ಆಡಿಸಿದಂತೆ ಹೈಡ್ರಾಲಿಕ್ ಎಣ್ಣೆಯನ್ನು ಸಿಲಿಂಡರಿಗೆ ತಿರುಗಿಸುವ ಸಾಧನ, ಬೇಕು. ವಾಲ್ವನ್ನು ಎಲ್ಲಿ ಬಿಗಿಯಬೇಕು ಎಂಬುದಕ್ಕಿಂತ, ಎಣ್ಣೆಯ ದಾರಿಯಲ್ಲಿ ಅದು ಎಲ್ಲಿ ಬರುತ್ತದೆ ಎಂಬುದೇ ಮುಖ್ಯ.

ಮೊದಲು ಕೈಪಿಡಿ ನೋಡಿ, ನಿಮ್ಮದು ‘ಓಪನ್ ಸೆಂಟರ್’ ವ್ಯವಸ್ಥೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇದರಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಗೇರ್ ಪಂಪು ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ. ಲಿವರ್‌ಗಳು ನ್ಯೂಟ್ರಲ್‌ನಲ್ಲಿದ್ದಾಗ ಆ ಎಣ್ಣೆ ಒಂದು ವಾಲ್ವಿನಿಂದ ಇನ್ನೊಂದಕ್ಕೆ ಹಾಯ್ದು ಟ್ಯಾಂಕು ಸೇರುತ್ತದೆ. ಮುಂದೆ ಹೇಳುವುದೆಲ್ಲ ಇಂಥ ಟ್ರ್ಯಾಕ್ಟರಿಗೆ ಮಾತ್ರ.

ಕೊಳ್ಳುವ ವಾಲ್ವಿನಲ್ಲಿ ಎಣ್ಣೆ ಒಳಬರುವ ಪೋರ್ಟ್ (ಹೋಸ್ ಜೋಡಿಸುವ ಬಾಯಿ), ಟ್ಯಾಂಕ್ ಪೋರ್ಟ್ ಮತ್ತು ಎಣ್ಣೆಯನ್ನು ಮುಂದಿನ ವಾಲ್ವಿಗೆ ದಾಟಿಸುವ ‘ಪವರ್ ಬಿಯಾಂಡ್’ ಪೋರ್ಟ್ ಮೂರೂ ಬೇರೆಬೇರೆಯಾಗಿ ಇರಬೇಕು. ಮುಂಬದಿಯ ಲೋಡರ್ ಬಕೆಟ್ಟನ್ನು ಆಡಿಸುವ ವಾಲ್ವಿನ ಪವರ್ ಬಿಯಾಂಡ್‌ನಿಂದ ಹೊಸ ವಾಲ್ವಿಗೆ, ಹೊಸದರ ಪವರ್ ಬಿಯಾಂಡ್‌ನಿಂದ ಬ್ಯಾಕ್‌ಹೋ ವಾಲ್ವಿಗೆ ಎಣ್ಣೆ ಹೋಗಬೇಕು. ಹೊಸದರ ಟ್ಯಾಂಕ್ ಪೋರ್ಟಿನಿಂದ ನೇರ ಟ್ಯಾಂಕಿಗೆ ಪ್ರತ್ಯೇಕ ಹೋಸ್ ಇರಬೇಕು. ಒಂದು ಹೋಸ್ ಉಳಿಸುವ ಆಸೆಗೆ ಟ್ಯಾಂಕ್ ಪೋರ್ಟನ್ನೇ ಬ್ಯಾಕ್‌ಹೋಗೆ ಜೋಡಿಸುವುದುಂಟು. ಆಗ ಬ್ಯಾಕ್‌ಹೋ ಅಗೆಯುವಾಗಿನ ಒತ್ತಡವೆಲ್ಲ, ಅದನ್ನು ತಾಳಲಾರದ ಪೋರ್ಟಿನ ಮೇಲೆ ಬಿದ್ದು ಸೀಲು ಕಿತ್ತುಹೋಗಬಹುದು, ವಾಲ್ವಿನ ಮೈಯೇ ಬಿರಿಯಲೂಬಹುದು. ಕೆಲವು ವಾಲ್ವುಗಳಿಗೆ ಪವರ್ ಬಿಯಾಂಡ್ ಸ್ಲೀವ್ ಎಂಬ ಬಿಡಿಭಾಗವನ್ನು ಬೇರೆಯಾಗಿ ಕೊಂಡು ಕೂರಿಸಬೇಕಾಗುತ್ತದೆ. ಅಂಗಡಿಯಲ್ಲೇ ಕೇಳಿಕೊಳ್ಳುವುದು ಮೇಲು.

ಥಂಬ್‌ಗೆ ಎರಡೂ ಕಡೆಗೆ ತಳ್ಳುವ ಡಬಲ್ ಆ್ಯಕ್ಟಿಂಗ್ ಸಿಲಿಂಡರಿನ ಸ್ಪೂಲ್ (ಲಿವರ್‌ ಜೊತೆ ವಾಲ್ವಿನೊಳಗೆ ಸರಿದು ಎಣ್ಣೆಯ ದಾರಿ ಬದಲಿಸುವ ಸರಳು) ಸಾಕು. ಗುಂಡಿ ತೋಡುವ ಆಗರ್ ಮೋಟಾರಿಗಾದರೆ ನ್ಯೂಟ್ರಲ್‌ನಲ್ಲಿ ಎರಡೂ ಪೋರ್ಟ್ ತೆರೆದುಕೊಳ್ಳುವ ಮೋಟಾರ್ ಸ್ಪೂಲ್ ಬೇಕು. ಬಕೆಟ್ಟು ಮಡಚಿ ದಿಮ್ಮಿಯನ್ನು ಒತ್ತಿದಾಗ ಥಂಬ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡ ಎಣ್ಣೆಯ ಒತ್ತಡ ಏರುವುದರಿಂದ, ಆ ಸಿಲಿಂಡರಿನ ಎಣ್ಣೆಯ ದಾರಿಗೆ, ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಬಿಟ್ಟುಕೊಡುವ ಪೋರ್ಟ್ ರಿಲೀಫ್ ಇರಲೇಬೇಕು. ವಾಲ್ವಿನ ಮುಖ್ಯ ರಿಲೀಫನ್ನು ಟ್ರ್ಯಾಕ್ಟರ್ ಕೈಪಿಡಿಯ ಮಿತಿಗಿಂತ ಹೆಚ್ಚಿಸಬಾರದು.

ಬಿಚ್ಚುವ ಮುನ್ನ ಬಕೆಟ್ಟುಗಳನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಎಲ್ಲ ಲಿವರ್‌ಗಳನ್ನೂ ಆಚೀಚೆ ಆಡಿಸಿ ಒತ್ತಡ ಕಳೆಯಬೇಕು. ಬಿಚ್ಚಿದ ಬಾಯಿಗಳಿಗೆ ಕೂಡಲೇ ಮುಚ್ಚಳ ಹಾಕಬೇಕು. ಕಾರವಾರ, ಅಂಕೋಲಾದ ಉಪ್ಪುಗಾಳಿಯಲ್ಲಿ ಫಿಟ್ಟಿಂಗ್‌ಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಬಿಎಸ್‌ಪಿ ಮತ್ತು ಜೆಐಸಿ ಎಂಬ ಎರಡು ಮಾದರಿಯ ಫಿಟ್ಟಿಂಗ್‌ಗಳು ನೋಡಲು ಒಂದೇ ಥರವಿದ್ದರೂ ಕೋನ 60 ಮತ್ತು 37 ಡಿಗ್ರಿಯಾಗಿ ಬೇರೆಯಾದ್ದರಿಂದ, ಹಳೆಯ ನಿಪ್ಪಲ್ಲನ್ನೇ ಹೋಸ್ ಅಂಗಡಿಗೆ ಒಯ್ಯುವುದು ಒಳ್ಳೆಯದು. ಇಂಥ ಕೋನದ ಕೂಡಿಕೆಗಳಿಗೆ ಟೆಫ್ಲಾನ್ ಟೇಪು ಸುತ್ತುವ ಅಭ್ಯಾಸ ಬೇಡ, ಅದರ ಚೂರು ಸ್ಪೂಲಿಗೆ ಸಿಕ್ಕಿಕೊಳ್ಳುತ್ತದೆ.

ಬ್ಯಾಕ್‌ಹೋ ಕಳಚಿಡುವ ದಿನ, ಅದಕ್ಕೆ ಹೋಗುತ್ತಿದ್ದ ಹೋಸನ್ನು ಟ್ಯಾಂಕಿಗೆ ಹಿಂದಿರುಗುವ ಹೋಸಿಗೆ ಕೂಡಿಸದೆ ಎಂಜಿನ್ ಚಾಲೂ ಮಾಡಿದರೆ, ಎಣ್ಣೆಗೆ ದಾರಿಯಿಲ್ಲದೆ ಪಂಪೇ ಹಾಳಾಗಬಹುದು.

ಜೋಡಣೆ ಮುಗಿದ ಮೇಲೆ ಎಂಜಿನನ್ನು ನಿಧಾನಗತಿಯಲ್ಲಿ ಓಡಿಸಿ, ಥಂಬನ್ನು ಹಲವು ಬಾರಿ ಪೂರ್ತಿ ಚಾಚಿ ಮಡಚಿ ಗಾಳಿ ಹೊರಹಾಕಬೇಕು; ಸಿಲಿಂಡರು ತುಂಬಿಕೊಂಡಷ್ಟು ಎಣ್ಣೆ ಟ್ಯಾಂಕಿನಲ್ಲಿ ಇಳಿದಿರುವುದರಿಂದ ಎಂಜಿನ್ ನಿಲ್ಲಿಸಿ ಮತ್ತೆ ತುಂಬಬೇಕು. ಸೋರಿಕೆ ಹುಡುಕಲು ಕೈಯಾಡಿಸದೆ ರಟ್ಟಿನ ತುಂಡು ಹಿಡಿಯಬೇಕು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮದೊಳಗೆ ಹೊಕ್ಕರೆ, ಗಾಯ ಚುಕ್ಕಿಯಷ್ಟೇ ಕಂಡರೂ, ತಡಮಾಡದೆ ಆಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಎಣ್ಣೆ ಹೊಕ್ಕಿದೆ ಎಂದೇ ತಿಳಿಸಬೇಕು.