ಹೊಂಗೆ ಚಿಗುರಿತು, ಬೆಂಡೆ ಬೀಜ ನೆನೆಹಾಕಿದೆ

ಮೈಸೂರಿನ ನಮ್ಮ ಮನೆ ಹಿತ್ತಲ ಮೂಲೆಯಲ್ಲಿ ಒಂದು ಹೊಂಗೆ ಮರ ಇದೆ. ಪ್ರತಿವರ್ಷ ಶಿವರಾತ್ರಿ ಆಸುಪಾಸಿನಲ್ಲಿ ಎಲೆ ಉದುರಿಸಿ ಚಿಗುರುತ್ತದೆ. ಈ ಸಲ ಸಂಕ್ರಾಂತಿ ಕಳೆದು ಹತ್ತೇ ದಿನಕ್ಕೆ ಬೋಳಾಯಿತು. ಫೆಬ್ರವರಿ ಮೊದಲ ವಾರಕ್ಕೆ ಕೊಂಬೆ ತುಂಬ ಹೊಳೆಯುವ ತಿಳಿ ಹಸಿರು. ಕೋಗಿಲೆಯೂ ಬೆಳಗಿನ ಜಾವವೇ ಕೂಗಲು ಶುರು ಮಾಡಿತ್ತು.

ಮೂರು ವರ್ಷದ ಹಿಂದೆ ಸಂಕ್ರಾಂತಿ ಮರುದಿನವೇ ಬೆಂಡೆ ಹಾಕಿದ್ದೆ. ಹಗಲಿನ ಬಿಸಿಲು ನೋಡಿ ಮೋಸಹೋದೆ. ರಾತ್ರಿ ಮಣ್ಣು ತಣ್ಣಗಿರುತ್ತದೆ ಅಲ್ವಾ, ಅದು ತಲೆಗೆ ಹೊಳೆಯಲೇ ಇಲ್ಲ. 20 ಗುಣಿಯಲ್ಲಿ ಎದ್ದದ್ದು ನಾಲ್ಕು. ಉಳಿದ ಬೀಜ ಕೆದಕಿ ನೋಡಿದರೆ ಕೊಳೆತು ಮೆತ್ತಗಾಗಿದ್ದವು. ಆಗ ನಮ್ಮತ್ತೆ ಹೇಳಿದ್ದರು, "ಹೊಂಗೆ ಚಿಗುರೋವರೆಗೂ ತಡಿಯಮ್ಮ, ಆಮೇಲೆ ಹಾಕು."

ಅಲ್ಲಿಂದ ನಾನು ಮರವನ್ನೇ ನೋಡುತ್ತೇನೆ. ಜೊತೆಗೆ ಬೆಳಿಗ್ಗೆ ಆರು ಗಂಟೆಗೆ ಮಣ್ಣಿಗೆ ಬೆರಳು ಇಳಿಸುತ್ತೇನೆ. ಬೆರಳು ಚಳಿಗೆ ಜುಮ್ಮೆಂದರೆ ಇನ್ನೂ ಕಾಯಬೇಕು. ಈ ಸಲ ಜುಮ್ಮೆನ್ನಲಿಲ್ಲ. ಅಂದೇ ರಾತ್ರಿ ಬೆಂಡೆ ಬೀಜ ನೆನೆಹಾಕಿದೆ.

ಪಾತಿ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಹಿಂದಿನ ದಿನವೇ ನೀರು ಹಾಯಿಸಿಟ್ಟಿದ್ದೆ. ಸಾಲಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ. ಗುಣಿಗೆ ಎರಡೆರಡು ಬೀಜ, ಅರ್ಧ ಇಂಚು ಆಳ. ಐದನೇ ದಿನ ಮೊಳಕೆ ಕಂಡಾಗ ಆದ ಖುಷಿ ಅಷ್ಟಿಷ್ಟಲ್ಲ! 20ರಲ್ಲಿ 18 ಗುಣಿ ಎದ್ದಿದ್ದವು. ಹರಿವೆ ಸೊಪ್ಪಿನ ಬೀಜ ಸಾಸಿವೆಗಿಂತ ಸಣ್ಣದು, ಮರಳಿನ ಜೊತೆ ಬೆರೆಸಿ ಚೆಲ್ಲಿದೆ.

ವಸಂತ ಬೇಗ ಬಂದರೆ ಮಣ್ಣೂ ಬೇಗ ಒಣಗುತ್ತದೆ. ನನಗೆ ಅದೇ ಜಾಸ್ತಿ ಚಿಂತೆ. ಹಾಗಾಗಿ ಉದುರಿದ ಹೊಂಗೆ ಎಲೆ ಒಂದನ್ನೂ ಸುಡಲಿಲ್ಲ. ಸಸಿ ನಾಲ್ಕು ಎಲೆ ಬಿಟ್ಟ ಮೇಲೆ ಬುಡದ ಸುತ್ತ ಮೂರು ಬೆರಳು ದಪ್ಪ ಹರಡಿದೆ. ಕಾಂಡಕ್ಕೆ ತಾಗಿಸಬಾರದು, ಸ್ವಲ್ಪ ಜಾಗ ಬಿಡಬೇಕು. ದಿನಾ ನೀರು ಕೇಳುತ್ತಿದ್ದ ಪಾತಿಗೆ ಈಗ ದಿನ ಬಿಟ್ಟು ದಿನ ಹಾಕಿದರೆ ಸಾಕು. ಎಲೆ ಕೊಳೆತ ಮೇಲೆ ಒಳ್ಳೆ ಗೊಬ್ಬರವೂ ಆಗುತ್ತದೆ.

ದಯವಿಟ್ಟು ನೀವೂ ಎಲೆ ಗುಡಿಸಿ ಬೆಂಕಿ ಹಚ್ಚಬೇಡಿ.

ಹೀರೆ ಬಳ್ಳಿ ಆಗಲೇ ಕುಡಿ ಚಾಚಿದೆ. ಚಪ್ಪರಕ್ಕೆ ಗಳ ತಂದಿಟ್ಟಾಗಿದೆ, ಭಾನುವಾರ ಕಟ್ಟಬೇಕು.