ಟ್ರಸ್ಟಿಯ ಸಂಬಳಕ್ಕೆ ಜಿಲ್ಲಾ ನ್ಯಾಯಾಲಯದ ಆದೇಶ: ನಾನು ಅರ್ಜಿ ಹಾಕುವ ಬಗೆ

ಟ್ರಸ್ಟಿಗೆ ಸಂಬಳ ಮಂಜೂರು ಮಾಡಿಸಿ ಅಂತ ಬಂದವರಿಗೆ ನಾನು ಮೊದಲು ಕೇಳುವುದು ಟ್ರಸ್ಟ್ ಡೀಡ್ (ಟ್ರಸ್ಟ್ ಸ್ಥಾಪಿಸಿದ ಪತ್ರ), ಆಮೇಲೆ ಸಭೆಯ ನಿರ್ಣಯ ಬರೆದಿಡುವ ಠರಾವು ಪುಸ್ತಕ. ಡೀಡಿನ ಜೆರಾಕ್ಸ್ ಸಾಲದು, ಸಬ್ ರಜಿಸ್ಟ್ರಾರ್ ಕಚೇರಿಯ ದೃಢೀಕೃತ ನಕಲು ಬೇಕು. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿದ್ದರೆ ಕನ್ನಡ ಅನುವಾದವನ್ನೂ ಜೋಡಿಸುತ್ತೇನೆ.

1882ರ ಭಾರತೀಯ ಟ್ರಸ್ಟ್ ಕಾಯ್ದೆಯ 50ನೇ ಕಲಂ ಪ್ರಕಾರ ಟ್ರಸ್ಟಿಗೆ ತನ್ನ ಶ್ರಮಕ್ಕೆ, ಕಳೆದ ವೇಳೆಗೆ ಕೂಲಿ ಕೇಳುವ ಹಕ್ಕಿಲ್ಲ. ಡೀಡಿನಲ್ಲೇ ಬರೆದಿರಬೇಕು, ಇಲ್ಲವೇ ಹೊಣೆ ಒಪ್ಪಿಕೊಳ್ಳುವಾಗ ಫಲಾನುಭವಿಯ ಜೊತೆಗೋ ನ್ಯಾಯಾಲಯದ ಜೊತೆಗೋ ಕರಾರಾಗಿರಬೇಕು. ಆ ಕಾಯ್ದೆ ಖಾಸಗಿ ಟ್ರಸ್ಟುಗಳದ್ದು. ಆದರೂ ಧರ್ಮಾರ್ಥ ಟ್ರಸ್ಟಿನ ಪ್ರಕರಣದಲ್ಲೂ ವಾದ ಶುರುವಾಗುವುದು ಈ ತತ್ವದಿಂದಲೇ. ಕೈಯಿಂದ ಹಾಕಿದ ಖರ್ಚು ವಾಪಸ್ ಪಡೆಯುವುದು ಬೇರೆ ಮಾತು, ಅದಕ್ಕೆ ರಸೀದಿ ಸಾಕು.

ಬೀದರ್ ಕಡೆಯವರು ಉದಗೀರ್, ಲಾತೂರಿನ ನೆಂಟರ ಮಾತು ಕೇಳಿ ‘ಚಾರಿಟಿ ಕಮಿಷನರ್ ಹತ್ರ ಹೋಗೋಣ’ ಅನ್ನುತ್ತಾರೆ. ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಆ ಅಧಿಕಾರಿ ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಗೆ ಸೇರಿದವರು. ಕರ್ನಾಟಕದ ನಮಗಿರುವುದು ಜಿಲ್ಲಾ ನ್ಯಾಯಾಲಯ. (ಮುಜರಾಯಿ ಪಟ್ಟಿಯ ದೇವಸ್ಥಾನದ ದಾರಿಯೇ ಬೇರೆ, ಅದನ್ನು ಇಲ್ಲಿ ಸೇರಿಸುವುದಿಲ್ಲ.)

ಡೀಡ್ ಸಂಬಳದ ಬಗ್ಗೆ ಮೌನವಾಗಿದ್ದರೆ 1920ರ ಧರ್ಮಾರ್ಥ ಮತ್ತು ಧಾರ್ಮಿಕ ಟ್ರಸ್ಟ್ ಕಾಯ್ದೆಯ 7ನೇ ಕಲಮಿನಡಿ ಟ್ರಸ್ಟಿಯೇ ಅರ್ಜಿ ಹಾಕಿ ನ್ಯಾಯಾಲಯದ ಸಲಹೆ, ನಿರ್ದೇಶನ ಕೇಳಬಹುದು. ಸಂಕ್ಷಿಪ್ತ ವಿಚಾರಣೆಗೆ ತಕ್ಕ ಪ್ರಶ್ನೆಯಲ್ಲ ಎಂದು ಕಂಡರೆ ನ್ಯಾಯಾಲಯ ಉತ್ತರ ಕೊಡಲೇಬೇಕೆಂದಿಲ್ಲ. ಹಾಗಾಗಿ ಡೀಡಿನಲ್ಲಿ ‘ಗೌರವ ಸೇವೆ’ ಎಂದು ಖಡಾಖಂಡಿತ ಬರೆದಿದ್ದರೆ, ಅಥವಾ ಟ್ರಸ್ಟಿಗಳಲ್ಲೇ ಜಗಳವಿದ್ದರೆ, ನಾನು ಈ ಬಾಗಿಲು ತಟ್ಟುವುದಿಲ್ಲ. ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ: ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಕನಿಷ್ಠ ಇಬ್ಬರು, ನ್ಯಾಯಾಲಯದ ಅನುಮತಿ ಪಡೆದು, ಸ್ಕೀಮ್ (ಟ್ರಸ್ಟಿನ ಆಡಳಿತಕ್ಕೆ ನ್ಯಾಯಾಲಯ ಹಾಕಿಕೊಡುವ ನಿಯಮಾವಳಿ) ರೂಪಿಸಿ ಎಂದು ದಾವೆ ಹೂಡಬೇಕು. ಅನುಮತಿಗೆ ಮುಂಚೆ ಎದುರುದಾರರಿಗೆ ನೋಟಿಸ್ ಕೊಡುವುದು ಒಳ್ಳೆಯದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ತಿಂಗಳು ತಡವಾದರೂ ನಾನು ಕೊಡಿಸುತ್ತೇನೆ.

ಅರ್ಜಿ ಗೆಲ್ಲುವುದೂ ಸೋಲುವುದೂ ಕೆಲಸದ ಡೈರಿಯ ಮೇಲೆ. ಹುದ್ದೆಗೆ ದುಡ್ಡು ಕೇಳಬೇಡಿ, ಕೆಲಸಕ್ಕೆ ಕೇಳಿ. ‘ಆಡಳಿತ ನೋಡಿಕೊಂಡರು’ ಎಂಬ ಸಾಲಿಗೆ ಬೆಲೆಯಿಲ್ಲ. ‘ಸೇಡಂ ರಸ್ತೆ ಮಳಿಗೆಗಳ ಬಾಡಿಗೆ ವಸೂಲಿ, ಬ್ಯಾಂಕಿಗೆ ಜಮಾ, 2 ತಾಸು’ ಎಂಬುದಕ್ಕಿದೆ. ಕನಿಷ್ಠ ಆರು ತಿಂಗಳ ಡೈರಿ ಬೇಕು, ಅದೂ ದಿನದಿನವೇ ಬರೆದದ್ದು. ಒಂದೇ ಪೆನ್ನಿನಲ್ಲಿ ಒಂದೇ ದಿನ ಕೂತು ತುಂಬಿಸಿದ ಪುಸ್ತಕ ನೋಡಿದ ಕೂಡಲೇ ಗೊತ್ತಾಗುತ್ತದೆ. ಲೆಕ್ಕ ಹೀಗೆ: ತಿಂಗಳಿಗೆ 40 ತಾಸು, ತಾಸಿಗೆ 250 ರೂಪಾಯಿ, ಒಟ್ಟು 10,000. ಅದೇ ಕೆಲಸಕ್ಕೆ ಹೊರಗಿನ ಮ್ಯಾನೇಜರ್ ಎಷ್ಟು ಕೇಳುತ್ತಾನೆ ಎಂಬುದಕ್ಕೆ ಎರಡು ಕೊಟೇಶನ್. ಜೊತೆಗೆ ಮೂರು ವರ್ಷದ ಆಡಿಟ್ ಆದ ಲೆಕ್ಕ.

ಠರಾವಿನಲ್ಲಿ ಸಂಬಳ ಪಡೆಯುವವರ ಸಹಿ ಇರಲೇಬಾರದು, ಆ ವಿಷಯಕ್ಕೆ ಅವರು ಸಭೆಯಿಂದ ಎದ್ದು ಹೋದದ್ದೂ ದಾಖಲಾಗಬೇಕು. ಉಳಿದ ಟ್ರಸ್ಟಿಗಳಲ್ಲಿ ಅವರ ತಮ್ಮನೋ ಮಗನೋ ಇದ್ದರೆ ಅಫಿಡವಿಟ್‌ನಲ್ಲಿ ಹೇಳಿಬಿಡಿ. ನ್ಯಾಯಾಲಯದ ಸಲಹೆಯಂತೆ ನಡೆದ ಟ್ರಸ್ಟಿಗೆ 7ನೇ ಕಲಮಿನ ರಕ್ಷಣೆ ಇದೆ, ಆದರೆ ಅದು ಪ್ರಾಮಾಣಿಕವಾಗಿ ಸಂಗತಿ ತಿಳಿಸಿದವರಿಗೆ ಮಾತ್ರ. ‘ಗೌರವಧನ’ ಎಂದು ಹೆಸರು ಬದಲಿಸಿ ಮೊದಲೇ ಎತ್ತಿಕೊಂಡ ಹಣವಿದ್ದರೆ ಅರ್ಜಿಗೆ ಮುಂಚೆ ಖಾತೆಗೆ ವಾಪಸ್ ಕಟ್ಟಿಸುತ್ತೇನೆ. ಆದೇಶ ಸಿಕ್ಕರೂ ಮೊತ್ತ ಕೆಲಸಕ್ಕೆ ಮೀರಿದ್ದರೆ ಟ್ರಸ್ಟಿನ ಆದಾಯ ತೆರಿಗೆ ವಿನಾಯಿತಿಗೂ ಕುತ್ತು.

ಹೊಲದ ಗುತ್ತಿಗೆಯೇ ಆದಾಯವಾದ ಟ್ರಸ್ಟ್ ಸಂಸ್ಥೆಗೆ ತೊಗರಿ ರಾಶಿಯಾದ ಮೇಲೆ ಒಮ್ಮೆಗೆ ದುಡ್ಡು ಬರುತ್ತದೆ. ತಿಂಗಳ ಸಂಬಳ ಕೇಳಿದರೆ ಮಳೆಗಾಲದ ಹೊತ್ತಿಗೆ ಮೂಲನಿಧಿಗೆ ಕೈ ಹಾಕಬೇಕಾದೀತು. ಹೀಗಾಗಿ ‘ನಿವ್ವಳ ಆದಾಯದ ಮಿತಿಯೊಳಗೆ, ವರ್ಷಕ್ಕೆರಡು ಕಂತು’ ಎಂದು ಬರೆಯುತ್ತೇನೆ. 92ರ ದಾವೆಯಾದರೆ ಇನ್ನೊಂದು ಸಾಲು ಮರೆಯುವುದಿಲ್ಲ: ಮುಂದೆ ದರ ಬದಲಿಸಲು ಅರ್ಜಿ ಹಾಕುವ ಅವಕಾಶವನ್ನು ಸ್ಕೀಮಿನಲ್ಲೇ ಇಡಬೇಕು. ಅಂಥ ಷರತ್ತು ಸಿಂಧು ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಒಪ್ಪಿದೆ. ಅದಿಲ್ಲದಿದ್ದರೆ ಸಾವಿರ ರೂಪಾಯಿ ಏರಿಸಲೂ ಹೊಸ ದಾವೆ ಹೂಡಬೇಕಾದೀತು.